ಅಮ್ಮ ಅಣ್ಣನ ಹೋಟೆಲಿನಲ್ಲಿ ಉಂಡದ್ದು

ಅಣ್ಣ ಮೂಡಬಿದ್ರೆ ಪೇಟೆಯಲ್ಲಿ ಹೋಟೆಲು ತೆರೆದು ಐದು ತಿಂಗಳಾದರೂ ಅಮ್ಮ ಅದರ ಮೆಟ್ಟಿಲು ತುಳಿದಿರಲಿಲ್ಲ. ಬಂಟ್ವಾಳದ ಅಕ್ಕಿ ಮಿಲ್ಲಿನ ಧಣಿಗಳು ಕಾರು ಮಾಡಿಕೊಂಡು ಬಂದು ಉಂಡು ಹೋಗಿದ್ದರು. ಬೆಳ್ತಂಗಡಿಯ ವಕೀಲರೊಬ್ಬರು ಹೆಂಡತಿ ಮಕ್ಕಳನ್ನು ಕರೆತಂದು, ಇಂಥ ಹೋಟೆಲು ಮಂಗಳೂರಿನಲ್ಲೂ ಇಲ್ಲ ಎಂದು ಹೊಗಳಿದ್ದರು. ಶಿರ್ತಾಡಿಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ ಅಷ್ಟೆ. ಬರಬೇಕಾದವಳು ಮಾತ್ರ ಬಂದಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳವು. ನಮ್ಮ ಕಡೆ ಹೋಟೆಲು ಎಂದರೆ ಒಂದೆರಡು ಬೆಂಚು, ಹೊಗೆ ಹಿಡಿದ ಗೋಡೆ, ಗಾಜಿನ ಕಪಾಟಿನಲ್ಲಿ ನಾಲ್ಕು ಬನ್ಸು, ಚಾ ಕುಡಿಯುತ್ತ ಕೋರ್ಟು ಕಚೇರಿಯ ಸುದ್ದಿ ಹೇಳುವ ಗಂಡಸರು. ಮರ್ಯಾದಸ್ಥ ಹೆಂಗಸರು ಒಳಗೆ ಕಾಲಿಡುವ ಪದ್ಧತಿಯೇ ಇರಲಿಲ್ಲ. ಅಣ್ಣನದು ಹಾಗಲ್ಲ. ಬಿಳಿ ಕಲ್ಲು ಹಾಸಿದ ಮೇಜುಗಳು, ಒರಗಿ ಕೂರುವ ಕುರ್ಚಿಗಳು, ತಲೆಯ ಮೇಲೆ ಎರಡು ಫ್ಯಾನು, ಗೋಡೆಯುದ್ದಕ್ಕೂ ಕನ್ನಡಿ. ಬಡಿಸುವವರಿಗೆ ಬಿಳಿ ಕೋಟು, ತಲೆಗೆ ಟೊಪ್ಪಿ. ಹೆಂಗಸರು ಮಕ್ಕಳಿಗೆಂದು ಪರದೆ ಹಾಕಿದ ಫ್ಯಾಮಿಲಿ ರೂಮು ಬೇರೆ. ಅಚ್ಚು ಹಾಕಿಸಿದ ಕಾರ್ಡು ನೋಡಿ ಬೇಕಾದ್ದನ್ನು ಹೇಳಬೇಕು. ಜೈನರ ಪೇಟೆಯೆಂದು ಮೀನು, ಮಾಂಸ ಇಲ್ಲ. ಬೊಂಬಾಯಿಯಲ್ಲಿ ಹದಿನಾಲ್ಕು ವರ್ಷ ಕಂಡದ್ದನ್ನೆಲ್ಲ ಅಣ್ಣ ಹೊತ್ತು ತಂದಿದ್ದ. ನಾನು ಆಗ ವಾಮದಪದವಿನ ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಬುದ್ಧಿ ಹೇಳುವವಳು ಮೊದಲ ಸಲ ಆ ಹೋಟೆಲಿಗೆ ಹೋದಾಗ, ಕನ್ನಡಿಯಲ್ಲಿ ನನ್ನನ್ನೇ ಕಂಡು, ಎದುರಿನಿಂದ ಯಾರೋ ಬರುತ್ತಿದ್ದಾರೆಂದು ಬದಿಗೆ ಸರಿದು ದಾರಿ ಬಿಟ್ಟಿದ್ದೆ.

ಅಮ್ಮ ಬಾರದಿದ್ದ ಕಾರಣ ಹಳೆಯದು. ಅಣ್ಣ ಹದಿನೇಳನೆಯ ವಯಸ್ಸಿಗೆ ಹೇಳದೆ ಕೇಳದೆ ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿದವ. ಬೊಂಬಾಯಿಯಿಂದ ಬರೆದ ಮೊದಲ ಕಾಗದದಲ್ಲೇ ತಾನು ಒಂದು ಹೋಟೆಲಿನಲ್ಲಿ ಲೋಟ, ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದ್ದೇನೆಂದು ಬರೆದುಬಿಟ್ಟ. ಒಂದು ಸುಳ್ಳು ಬರೆದಿದ್ದರೆ ಏನು ಹೋಗುತ್ತಿತ್ತೋ! ನಮ್ಮದು ಅಳಿಯಸಂತಾನದ ಮನೆ. ಅಮ್ಮನ ಅಣ್ಣ, ಅಂದರೆ ನಮ್ಮ ಮಾವ, ಯಜಮಾನರು. ಊರಿಗೆ ಗದ್ದೆ ಗೇಣಿಗೆ ಕೊಡುವ ಮನೆಯವ ಪರರ ಎಂಜಲು ತೊಳೆಯುತ್ತಾನೆಂದರೆ ಅವರಿಗೆ ತಲೆ ಎತ್ತಿ ನಡೆಯಲಾಗಲಿಲ್ಲ. ಚಾವಡಿಯಲ್ಲಿ ಕೂತು ಹೇಳಿದರು: “ಎಂಜಲು ತೊಳೆದ ಕೈಯ ಅನ್ನ ಈ ಮನೆಯವರು ಉಣ್ಣುವುದು ಬೇಡ.” ಅಮ್ಮ ಕಂಬದ ಹಿಂದೆ ನಿಂತು ಕೇಳಿಸಿಕೊಂಡಳು. ತನ್ನ ಅಣ್ಣನ ಮುಂದೆ ಅವಳು ಎಂದೂ ಬಾಯಿ ತೆರೆದವಳಲ್ಲ. ನಾನು ತೆರೆಯುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮಾವ ಎಲ್ಲರ ಹತ್ತಿರ ದೂರುತ್ತಿದ್ದರು, ಅದು ಸುಳ್ಳೂ ಅಲ್ಲ.

ಲೋಟ ತೊಳೆಯುವವ ಬಡಿಸುವವನಾದ, ಅಡುಗೆಯವನಾದ, ಕೊನೆಗೆ ಅದೇ ಹೋಟೆಲಿನಲ್ಲಿ ಪಾಲುದಾರನಾದ. ಎಲ್ಲ ಬಿಟ್ಟು ಊರಿಗೆ ಬಂದು ಮೂಡಬಿದ್ರೆಯಲ್ಲಿ ಹೋಟೆಲು ಹಾಕಿದ. ತೆರೆಯುವ ಮೊದಲು ಮನೆಗೆ ಬಂದು ಮಾವನ ಕಾಲಿಗೆ ಬಿದ್ದ, ಅಮ್ಮನ ಕಾಲಿಗೂ ಬಿದ್ದ, “ಎಲ್ಲರೂ ಬರಬೇಕು” ಅಂದ. ಮಾವ ವೀಳ್ಯದೆಲೆಯ ನಾರು ತೆಗೆಯುತ್ತ ಕೂತರು. ಅಮ್ಮ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದಳು. ಅಣ್ಣ ನೀರು ಕುಡಿದು ಹೊರಟುಹೋದ.

ಮತ್ತೆ ಊರಿನ ಬಾಯಿ ಕೇಳಬೇಕೇ? ಪೇಟೆಯಲ್ಲಿ ಅಣ್ಣನ ಪೂರಿ ತಿಂದು ಕೈ ಒರೆಸಿಕೊಂಡವರೇ, ಹೆತ್ತ ತಾಯಿಯೇ ಉಣ್ಣದ ಹೋಟೆಲಂತೆ ಎಂದು ಹೇಳಿಕೊಂಡು ತಿರುಗಿದರು. ಅಣ್ಣನ ಕಿವಿಗೂ ಅದು ಬಿತ್ತು. ನಾನೊಂದು ಭಾನುವಾರ ಹೋದಾಗ ಗಲ್ಲಾಪೆಟ್ಟಿಗೆಯ ಹಿಂದೆ ಕೂತವ ತಲೆ ಎತ್ತದೆ ಹೇಳಿದ: “ದೀಪಾವಳಿವರೆಗೆ ನೋಡ್ತೇನೆ. ಅಮ್ಮ ಬಾರದಿದ್ದರೆ ಬೀಗ ಹಾಕಿ ಬೊಂಬಾಯಿಗೆ ವಾಪಸು ಹೋಗ್ತೇನೆ. ಅಲ್ಲಿ ನನ್ನ ಜಾಗ ಇನ್ನೂ ಉಂಟು.”

ನಾವು ಮನೆಯಲ್ಲಿ ಆಡುತ್ತಿದ್ದದ್ದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಯಾವ ಭಾಷೆಯಲ್ಲಿ ಕೇಳಿದರೂ ಆ ಮಾತು ನನಗೆ ತಡೆಯುವಂಥದ್ದಲ್ಲ. ಅವ ಒಂದು ಸಲ ಹೋದಾಗ ಅಮ್ಮ ಹದಿನಾಲ್ಕು ವರ್ಷ ಹೇಗೆ ಕಳೆದಳೆಂದು ಕಂಡವಳು ನಾನು. ಮನೆಗೆ ಬಂದವಳೇ ಮಾವನ ಎದುರು ನಿಂತು ಹೇಳಬೇಕಾದ್ದನ್ನು, ಹೇಳಬಾರದ್ದನ್ನು ಎಲ್ಲ ಹೇಳಿದೆ. ಮಾವ ಎಂದಿನಂತೆ ಬೈಯಲಿಲ್ಲ. ಅವರಿಗೂ ವಯಸ್ಸಾಗಿತ್ತು. ಒಳಗಿದ್ದ ಅಮ್ಮನಿಗೆ ಕೇಳುವಂತೆ, “ನಿನ್ನ ಮಗ, ನಿನ್ನ ಹೊಟ್ಟೆ. ಇನ್ನು ನನ್ನನ್ನು ಕೇಳಬೇಡ” ಎಂದು ಎದ್ದು ತೋಟದ ಕಡೆ ಹೋದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಯಾರಿಗೂ ಸಿಕ್ಕಿದ್ದಿಲ್ಲ.

ಆದರೂ ಅಮ್ಮ ಎರಡು ವಾರ ಏನೂ ಅನ್ನಲಿಲ್ಲ. ದೀಪಾವಳಿ ಹತ್ತಿರ ಬಂತು. ಒಂದು ಶನಿವಾರ ನಾನು ಶಾಲೆ ಮುಗಿಸಿ ಮನೆಗೆ ಬಂದಾಗ ಅವಳು ಪೆಟ್ಟಿಗೆಯಿಂದ ಮದುವೆ ಮುಂಜಿಗೆ ಉಡುವ ಸೀರೆ ತೆಗೆದು ಕೊಡವುತ್ತಿದ್ದಳು.

“ನಾಳೆ ಹೋಗುವ” ಅಂದಳು. ಎಲ್ಲಿಗೆ ಎಂದು ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗಂಜಿಗೆ ಕರೆದರೆ ಬರಲಿಲ್ಲ. ಹೆದರಿಕೆಯಿಂದ ಹೊಟ್ಟೆಗೆ ಸೇರುತ್ತಿಲ್ಲ ಎಂದುಕೊಂಡೆ. ಹತ್ತೂವರೆಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ಸೀರೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ನಾನು ಒಳಗೊಳಗೇ ಗೆದ್ದಿದ್ದೆ. ಇನ್ನು ಬೀಗವೂ ಇಲ್ಲ, ಬೊಂಬಾಯಿಯೂ ಇಲ್ಲ ಎಂದು ನನ್ನ ಲೆಕ್ಕ.

ಅಣ್ಣ ನಮ್ಮನ್ನು ಕಂಡವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತ, ಆದರೆ ಮುಂದೆ ಬರಲಿಲ್ಲ. “ಬಾ ಅಮ್ಮ” ಎಂದಷ್ಟೇ ಹೇಳಿ ಫ್ಯಾಮಿಲಿ ರೂಮಿನ ಪರದೆ ಸರಿಸಿದ. ಅಮ್ಮ ಕುರ್ಚಿಯ ಅಂಚಿನಲ್ಲಿ ಕೂತಳು, ಒರಗಲಿಲ್ಲ. ಮೇಜಿನ ಕಲ್ಲನ್ನು ಒಂದು ಬೆರಳಿನಿಂದ ಮುಟ್ಟಿ, ತಣ್ಣಗಿದೆ ಎಂಬಂತೆ ಬೆರಳು ಹಿಂದಕ್ಕೆ ತೆಗೆದಳು. ಅಣ್ಣ ಅಡುಗೆಮನೆಗೆ ಓಡಿದ. ಅವನು ಆ ದಿನ ತಾನೇ ಒಲೆಯ ಮುಂದೆ ನಿಂತು ಪುಲಾವು, ಪೂರಿ, ಬಟಾಟೆ ಭಾಜಿ, ಹೆಸರುಬೇಳೆ ಪಾಯಸ ಎಲ್ಲ ಮಾಡಿದ್ದನೆಂದು ನನಗೆ ಆಮೇಲೆ ಗೊತ್ತಾಯಿತು. ನಾವು ಬರುವ ಸುದ್ದಿಯನ್ನು ಬಸ್ಸಿನ ಕಂಡಕ್ಟರನ ಮೂಲಕ ನಾನೇ ಹಿಂದಿನ ಸಂಜೆ ಮುಟ್ಟಿಸಿದ್ದೆ.

ಬಡಿಸುವವ ಬಂದ. ಕುಂದಾಪುರದ ಕಡೆಯ ನಡುವಯಸ್ಸಿನ ಮನುಷ್ಯ, ಬೊಂಬಾಯಿಯಿಂದ ಅಣ್ಣನ ಜೊತೆಗೇ ಬಂದವ. ಬಿಳಿ ಕೋಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು, ಎರಡು ಲೋಟ ನೀರಿಟ್ಟು, ಬಹಳ ಮರ್ಯಾದೆಯಿಂದ ಬಗ್ಗಿ ಕೇಳಿದ: “ಅಮ್ಮ, ಊಟ ತರಲಾ?”

“ಬೇಡ, ಬೇಡ” ಅಂದಳು ಅಮ್ಮ. “ಈಗ ಮನೆಯಲ್ಲಿ ಉಂಡೇ ಬಂದದ್ದು.”

“ಆಯ್ತಮ್ಮ” ಎಂದು ಅವ ಹೋಗಿಯೇಬಿಟ್ಟ.

ಉಂಡು ಬಂದಳಂತೆ! ಬೆಳಗಿನ ಗಂಜಿಯನ್ನೂ ಮುಟ್ಟದವಳು! ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೂರ ಬಂದು, ಒಳಗೆ ಕೂತು, ಊಟ ಬೇಡವೆಂದರೆ ಅದು ಬಾರದೇ ಇರುವುದಕ್ಕಿಂತ ಕೇಡು. ಮಾವನ ಹಳೆಯ ಮಾತಿಗೂ ಭಂಗ ಬರಬಾರದು, ಮಗನ ಹೋಟೆಲಿಗೂ ಹೋದಂತಾಗಬೇಕು ಎಂದು ಲೆಕ್ಕ ಹಾಕಿಯೇ ಬಂದಿದ್ದಾಳೆ ಎಂದು ತೀರ್ಮಾನಿಸಿದೆ. ಅವಳ ಮುಖ ನೋಡದೆ ಕಾರ್ಡು ಎತ್ತಿಕೊಂಡು ಓದತೊಡಗಿದೆ. ಅಕ್ಷರ ಕಣ್ಣಿಗೆ ಹೋಗುತ್ತಿತ್ತೇ ಹೊರತು ತಲೆಗೆ ಹೋಗುತ್ತಿರಲಿಲ್ಲ. ಪರದೆಯ ಆಚೆ ಬೇರೆಯವರ ತಟ್ಟೆಗಳ ಸದ್ದು, ತುಪ್ಪದ ಘಮ. ನಾವಿಬ್ಬರು ಖಾಲಿ ಮೇಜಿನ ಎರಡು ಬದಿಗೆ ಕೂತಿದ್ದೆವು, ಸತ್ತವರ ಮನೆಯಲ್ಲಿ ಕೂತ ಹಾಗೆ.

ಸ್ವಲ್ಪ ಹೊತ್ತಿಗೆ ಅಣ್ಣನೇ ಬಂದ. ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಹಿಟ್ಟು ಮೆತ್ತಿತ್ತು. ಬಡಿಸುವವ ಹೇಳಿದ್ದನ್ನು ನಂಬದೆ ಬಂದದ್ದಿರಬೇಕು.

“ಅಮ್ಮ, ಊಟ ಬೇಡ್ವಾ?”

“ಬೇಡ ಮಗ. ಹೊಟ್ಟೆ ತುಂಬಿದೆ.”

ಅವ ಸರಿ ಎಂದು ತಲೆ ಆಡಿಸಿದ, ಗಿರಾಕಿಗಳಿಗೆ ಆಡಿಸುವಂತೆ. ಮೆಲ್ಲಗೆ ಪರದೆ ಎಳೆದು ಹೋದ. ಆ ಪರದೆ ಎಳೆದ ರೀತಿಯಲ್ಲೇ ಹಡಗು ಬಂದರು ಬಿಟ್ಟದ್ದು ನನಗೆ ಕಂಡಿತು. ಇನ್ನು ತಡೆಯಲಾಗದೆ ಅಮ್ಮನಿಗೆ ಎರಡು ಮಾತು ಬಿಗಿಯಾಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಹೊಟ್ಟೆ ಗುರ್ ಎಂದಿತು. ಸಣ್ಣ ಸದ್ದೇನಲ್ಲ. ಅಮ್ಮ ನಾಚಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅವಳ ಕಣ್ಣು ಪರದೆಯ ಮೇಲೇ ಇತ್ತು.

ಆಗ ನನಗೆ ಹೊಳೆಯಿತು. ನನ್ನ ದಡ್ಡತನಕ್ಕೆ ಏನು ಹೇಳಲಿ!

ನಮ್ಮ ಕಡೆ ಯಾರ ಮನೆಗೆ ಹೋದರೂ ಊಟಕ್ಕೆ ಒಂದೇ ಮಾತಿಗೆ ಒಪ್ಪುವುದು ಲಕ್ಷಣವಲ್ಲ. ಮೊದಲ ಸಲ ಕೇಳಿದರೆ ಉಂಡು ಬಂದಿದ್ದೇವೆ ಅನ್ನಬೇಕು. ಎರಡನೆಯ ಸಲಕ್ಕೆ ಹೊಟ್ಟೆ ತುಂಬಿದೆ ಅನ್ನಬೇಕು. ಮನೆಯವರು ಕೈ ಹಿಡಿದು, ಆಣೆ ಹಾಕಿ, ಮೂರನೆಯ ಸಲ ಕರೆದರೆ ಮಾತ್ರ, ಇಷ್ಟು ಹೇಳ್ತೀರಲ್ಲ ಎಂದು ಎದ್ದು ಎಲೆಯ ಮುಂದೆ ಕೂರಬೇಕು. ಉಂಡು ಬಂದಿದ್ದೇನೆ ಎಂದವರೇ ಆಮೇಲೆ ಮೂರು ಸಲ ಅನ್ನ ಹಾಕಿಸಿಕೊಳ್ಳುವುದನ್ನು ಎಷ್ಟು ಸಲ ನೋಡಿಲ್ಲ ನಾನು! ಅಮ್ಮ ಎರಡು ಮೆಟ್ಟಿಲು ಹತ್ತಿ ಮೂರನೆಯದಕ್ಕೆ ಕಾಲೆತ್ತಿ ಕಾಯುತ್ತಿದ್ದಳು. ಹೋಟೆಲಾದರೇನು, ಅವಳ ಪಾಲಿಗೆ ಅದು ಮಗ ಬಡಿಸುವ ಜಾಗ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಮಗ ಬೊಂಬಾಯಿಯ ಶಿಸ್ತು ಹಿಡಿದು ಕೂತಿದ್ದ, ತಾಯಿ ಶಿರ್ತಾಡಿಯದು.

ನಾನು ಎದ್ದು ಅಡುಗೆಮನೆಗೆ ನುಗ್ಗಿದೆ. ಅಣ್ಣ ಸೊಂಟದ ಬಟ್ಟೆ ಬಿಚ್ಚಿ ಮೊಳೆಗೆ ನೇತು ಹಾಕುತ್ತಿದ್ದ. ಕಾದ ಎಣ್ಣೆಯ ಬಾಣಲೆಯನ್ನು ಒಲೆಯಿಂದ ಇಳಿಸಿಯಾಗಿತ್ತು. ಲಟ್ಟಿಸಿದ ಪೂರಿಗಳು ತಟ್ಟೆಯಲ್ಲಿ ಹಾಗೇ ಬಿದ್ದಿದ್ದವು.

“ಇನ್ನೊಮ್ಮೆ ಹೋಗಿ ಕೇಳು” ಅಂದೆ.

“ಎರಡು ಸಲ ಬೇಡ ಅಂದಾಯ್ತಲ್ಲ. ಮತ್ತೆ ಎಂತ ಕೇಳುದು? ಬೇಡ ಅಂದವರಿಗೆ ಒತ್ತಾಯ ಮಾಡುವ ಕ್ರಮ ನನ್ನ ಹೋಟೆಲಿನಲ್ಲಿ ಇಲ್ಲ. ಬಡಿಸುವವರಿಗೆ ನಾನು ಮೊದಲು ಕಲಿಸಿದ್ದೇ ಅದು.”

“ಅವಳು ನಿನ್ನ ಗಿರಾಕಿಯಾ ಮಾರಾಯ? ಬೆಳಿಗ್ಗೆಯಿಂದ ಒಂದು ಲೋಟ ಗಂಜಿ ಕುಡಿದಿಲ್ಲ ಅವಳು, ಇಲ್ಲಿ ಉಣ್ಲಿಕ್ಕೆ ಅಂತ! ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳ್ಬೇಕು ಅಂತ ಮರ್ತಿದ್ದೀಯಾ ನೀನು?”

ಅಣ್ಣ ನನ್ನ ಮುಖವನ್ನೇ ನೋಡಿದ. ಅವನಿಗೆ ಮರೆತಿತ್ತು ಅನ್ನುವುದಕ್ಕಿಂತ, ಐದು ತಿಂಗಳಿಂದ ಯಾವ ಮಾತಿಗೆ ಹೆದರಿದ್ದನೋ ಅದೇ ಮಾತು ಕಿವಿಗೆ ಬಿದ್ದದ್ದರಿಂದ ತಟ್ಟನೆ ನಂಬಿಬಿಟ್ಟಿದ್ದ. ನಾನೂ ನಂಬಿದ್ದೆನಲ್ಲ! ನೋಡುತ್ತ ನೋಡುತ್ತ ಅವನ ಮುಖದಲ್ಲಿ ಏನೋ ಸಡಿಲವಾಯಿತು. ಬಟ್ಟೆಯನ್ನು ಮೊಳೆಯಿಂದ ಕಿತ್ತುಕೊಂಡವನು ಕಟ್ಟಿಕೊಳ್ಳುವುದನ್ನೂ ಮರೆತು ಕೈಯಲ್ಲೇ ಹಿಡಿದು ಓಡಿದ. ನಾನು ಹಿಂದೆ.

ಪರದೆ ಸರಿಸಿ ಅವ ನೆಲದ ಮೇಲೇ ಕುಕ್ಕರಗಾಲಿನಲ್ಲಿ ಕೂತ, ಅಮ್ಮನ ಕುರ್ಚಿಯ ಪಕ್ಕ. ಅವಳ ಕೈ ಹಿಡಿದುಕೊಂಡ.

“ಅಮ್ಮ, ಹಾಗೆ ಹೇಳಿದರೆ ಆಗ್ಲಿಕ್ಕಿಲ್ಲ. ನನ್ನ ಮೇಲೆ ಆಣೆ ಉಂಟು. ಒಂದು ತುತ್ತಾದರೂ ಉಣ್ಲೇಬೇಕು.”

ಅಮ್ಮ ಅವನನ್ನು ನೋಡಿದಳು. ಒಂದು ಗಳಿಗೆ ನನಗೆ ಪುನಃ ಹೆದರಿಕೆಯಾಯಿತು.

“ಇಷ್ಟು ಹೇಳ್ತೀಯಲ್ಲ” ಅಂದಳು. “ಸ್ವಲ್ಪ ಹಾಕು. ಸ್ವಲ್ಪವೇ ಸ್ವಲ್ಪ.”

ನಾನು ಹೋಗಿ ನನ್ನ ಕುರ್ಚಿಯಲ್ಲಿ ಕೂತೆ. ನಗು ಬರುತ್ತಿದೆಯೋ ಅಳು ಬರುತ್ತಿದೆಯೋ ತಿಳಿಯದೆ, ಮೇಜಿನ ಮೇಲಿದ್ದ ಎರಡು ಲೋಟ ನೀರನ್ನೂ ನಾನೇ ಕುಡಿದು ಮುಗಿಸಿದೆ.

ಆಮೇಲೆ ಅಮ್ಮ ಉಂಡದ್ದನ್ನು ನೋಡಬೇಕಿತ್ತು. ಸ್ವಲ್ಪವೇ ಸ್ವಲ್ಪ ಅಂದವಳು ಉಬ್ಬಿದ ಪೂರಿಯನ್ನು ಮೊದಲು ಬೆರಳಿನಿಂದ ಚುಚ್ಚಿ, ಒಳಗಿನ ಬಿಸಿ ಹಬೆ ತಾಗಿ ಹಾ ಎಂದು, ಆರು ಪೂರಿ ತಿಂದಳು. ಪುಲಾವಿನ ಲವಂಗವನ್ನು ಹೆಕ್ಕಿ ತಟ್ಟೆಯ ಅಂಚಿಗಿಟ್ಟು, ಇದನ್ನು ಅನ್ನಕ್ಕೆ ಯಾಕೆ ಹಾಕಿದ್ದು, ಹಲ್ಲುನೋವಿಗಾ ಎಂದು ಕೇಳಿದಳು. ಅಣ್ಣ ಎಷ್ಟೋ ವರ್ಷದ ಮೇಲೆ ಬಾಯಿ ತುಂಬ ನಕ್ಕ.

ಬಿಳಿ ಕೋಟಿನವ ಪಾಯಸ ತಂದ. ಒಂದು ಸೌಟು ಹಾಕಿದ ಕೂಡಲೇ ಅಮ್ಮ ಎರಡೂ ಅಂಗೈಯನ್ನು ಬಟ್ಟಲಿನ ಮೇಲೆ ಮುಚ್ಚಿ, ಸಾಕು ಸಾಕು ಎಂದಳು. ಅವ ಪಾತ್ರೆ ಹಿಂದಕ್ಕೆ ತೆಗೆದ. ಅಣ್ಣ ಅವನ ಕೈಯಿಂದ ಸೌಟು ಕಸಿದುಕೊಂಡು, ಅಮ್ಮನ ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಸುರಿದ. ಪಾಯಸ ಅವಳ ಬೆರಳ ಮೇಲೆಲ್ಲ ಹರಿದು ಬಟ್ಟಲಿಗೆ ಇಳಿಯಿತು. “ಅಯ್ಯೋ, ಎಂತ ಮಾಡಿದ್ದು ನೀನು” ಎಂದು ಬೈಯುತ್ತ ಅವಳು ಬೆರಳನ್ನೆಲ್ಲ ನೆಕ್ಕಿದಳು. ಬಿಳಿ ಕಲ್ಲಿನ ಮೇಜಿನ ಮೇಲೆ ಪಾಯಸದ ಕೆರೆಯಾಗಿತ್ತು. ಬಿಳಿ ಕೋಟಿನವ ಬಾಯಿ ತೆರೆದು ನಿಂತಿದ್ದ. ಅವನಿಗೆ ಮೊದಲು ಕಲಿಸಿದ ಪಾಠವನ್ನೆಲ್ಲ ಕಲಿಸಿದವನೇ ಅಳಿಸಿ ಹಾಕುತ್ತಿದ್ದ.

ಕೈ ತೊಳೆದು ಹೊರಗೆ ಬಂದಾಗ ಗಿರಾಕಿಗಳು ಉಣ್ಣುವುದು ಬಿಟ್ಟು ನೋಡುತ್ತಿದ್ದರು. ಪೇಟೆಯ ಅರ್ಧ ಜನಕ್ಕೆ ಅಷ್ಟರಲ್ಲೇ ಸುದ್ದಿ ಮುಟ್ಟಿತ್ತು. ಅಮ್ಮ ಯಾರನ್ನೂ ನೋಡದೆ ಕನ್ನಡಿಯ ಮುಂದೆ ನಿಂತು, ಹಣೆಯ ಕುಂಕುಮ ಸರಿ ಮಾಡಿಕೊಂಡು, ಮಗನಿಗೆ ಹೇಳಿದಳು: “ಪೂರಿಗೆ ಉಪ್ಪು ಒಂದು ಚೂರು ಕಡಿಮೆಯಾಗಿತ್ತು.” ಅಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು. ಅಣ್ಣ ಬಹುಮಾನ ಬಂದವನ ಹಾಗೆ ನಿಂತಿದ್ದ. ದೀಪಾವಳಿಗೆ ಬೀಗ ಹಾಕುವ ಮಾತು ಅಲ್ಲಿಗೆ ಮುಗಿಯಿತು. ಆ ಹೋಟೆಲಿನಲ್ಲಿ ಅವ ಮುಂದೆ ಮುದುಕನಾದ.

ಮಧ್ಯಾಹ್ನದ ಬಸ್ಸಿನಲ್ಲಿ ಜನ ಕಡಿಮೆ. ಕಿಟಕಿಯ ಗಾಳಿಗೆ ನನಗೆ ಜೊಂಪು ಹತ್ತುತ್ತಿತ್ತು. ತಿಂಗಳುಗಟ್ಟಲೆ ಹೊತ್ತ ಭಾರ ಇಳಿಸಿದ ಮೇಲೆ ಬರುವ ನಿದ್ದೆ ಅದು, ಅಂಥ ನಿದ್ದೆ ನನಗೆ ಮತ್ತೆ ಬಂದದ್ದು ಕಡಿಮೆ. ಅಮ್ಮ ಮಾತ್ರ ಎಚ್ಚರವಾಗಿದ್ದಳು. ಸ್ವಲ್ಪ ದೂರ ಹೋದ ಮೇಲೆ ತಾನಾಗಿಯೇ ಹೇಳಿದಳು:

“ಆ ಕೋಟಿನವ ಒಂದೇ ಸಲ ಕೇಳಿ ಹೋದನಲ್ಲ, ನನಗೆ ಎದೆ ಧಸಕ್ಕೆಂದಿತು. ಬೇಡದವರನ್ನು ಹಾಗಲ್ವಾ ಕೇಳುದು, ಒಂದೇ ಸಲ, ಬಾಯಿಮಾತಿಗೆ? ಮತ್ತೆ ಇವ ಬಂದ. ಇವನೂ ಎರಡನೇ ಸಲ ಕೇಳಿ ಪರದೆ ಎಳೆದ. ಇಷ್ಟು ವರ್ಷ ನಾನು ಅವನ ಪರವಾಗಿ ಒಂದು ಮಾತು ಆಡ್ಲಿಲ್ಲ. ನಾನು ಅವನಿಗೆ ಬೇಡವಾಗಿದ್ದೇನೆ ಅಂತ ಎಣಿಸಿದೆ.”

ನನ್ನ ಜೊಂಪು ಹಾರಿಹೋಯಿತು. ಅಡುಗೆಮನೆಯಲ್ಲಿ ಒಬ್ಬ, ಪರದೆಯ ಒಳಗೆ ಒಬ್ಬಳು, ಇಬ್ಬರೂ ಒಂದೇ ಹೆದರಿಕೆಯಲ್ಲಿ ಸಾಯುತ್ತಿದ್ದರೆಂದು ನನಗೆ ಗೊತ್ತೇ ಆಗಿರಲಿಲ್ಲ. ನಾನು ಅಮ್ಮನ ಮೇಲೆ ಸಿಟ್ಟು ಮಾಡಿಕೊಂಡು ಕಾರ್ಡು ಓದುತ್ತಿದ್ದೆ.

“ಹಾಗಾದರೆ ಎದ್ದು ಬರಬಹುದಿತ್ತಲ್ಲ ಅಮ್ಮ” ಅಂದೆ. “ಅಲ್ಲೇ ಯಾಕೆ ಕೂತಿದ್ದೆ?”

ಅಮ್ಮ ಕಿಟಕಿಯ ಹೊರಗೆ ನೋಡುತ್ತಲೇ ಉತ್ತರ ಕೊಟ್ಟಳು.

“ಎದ್ದರೆ ಅವ ಯಾರನ್ನು ಕೇಳುದು?”